ಪದಚರ್ಚೆ: ಯುದ್ಧಸ್ಮರಣೆಯ ‘ಪಾಪಿ’ ಹೂವಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ತೆಗೆದ ಕೆಲವು ಸ್ಟಿಲ್ ಲೈಫ್ (ಜೋಡಿಸಿಟ್ಟ ವಸ್ತುಗಳ) ಫೋಟೋಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಹಳೆಯ ಪತ್ರ, ಪದಕ, ಪಕ್ಕದಲ್ಲೊಂದು ಕೆಂಪು ಹೂ. ಇಂಗ್ಲಿಷಿನಲ್ಲಿ ಅದರ ಹೆಸರು ‘ಪಾಪಿ’. ಹಾಗೇ ಬರೆದರೆ ಕನ್ನಡದಲ್ಲಿ ಪಾಪ ಮಾಡಿದವನು ಎಂದೇ ಕಣ್ಣಿಗೆ ಬೀಳುತ್ತದೆ. ಸತ್ತ ಸೈನಿಕನ ಪತ್ರದ ಕೆಳಗೆ ಆ ಪದ ಇಡಲು ನನಗೆ ಮನಸ್ಸೇ ಬರುತ್ತಿಲ್ಲ. ‘ಪಾಪ್ಪಿ’ ಎಂದು ಒತ್ತು ಕೊಟ್ಟರೂ ಮುಜುಗರ ಹೋಗುವುದಿಲ್ಲ.

‘ಗಸಗಸೆ ಹೂ’ ಅನ್ನಬಹುದು. ಆದರೆ ಗಸಗಸೆ, ಅಫೀಮು ಕೊಡುವ ಗಿಡ ಪಪಾವರ್ ಸೋಮ್ನಿಫೆರಮ್. ಇದು ಪಪಾವರ್ ರೋಯಾಸ್, ಯುರೋಪಿನ ಗೋಧಿ ಹೊಲಗಳ ಕಳೆ. ಇದರ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಸುಮ್ನೆ ಬಿದ್ದಿರುತ್ತದೆ. ಯಾರಾದರೂ ನೆಲ ಕೆದಕಿ ಬೆಳಕು ತಾಗಿದಾಗ ಮೊಳೆಯುತ್ತದೆ. ಶೆಲ್ಲು ಬಿದ್ದು, ಕಂದಕ ತೋಡಿ, ಗೋರಿ ಅಗೆದು ಬೆಲ್ಜಿಯಂ ಕಡೆಯ ಯುದ್ಧಭೂಮಿ ಫ್ಲಾಂಡರ್ಸ್‌ನ ನೆಲವೆಲ್ಲ ಬುಡಮೇಲಾಗಿತ್ತು. ಅಲ್ಲಿ ಅದು ಅಷ್ಟು ಜಾಸ್ತಿ ಅರಳಿದ್ದು ಅದಕ್ಕೇ. 1915ರಲ್ಲಿ ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ ತನ್ನ ಪದ್ಯದಲ್ಲಿ ತಂದದ್ದು ಇದೇ ಹೂವನ್ನು. 1921ರಿಂದ ಬ್ರಿಟನ್ನಿನಲ್ಲಿ ಆ ಯುದ್ಧ ನಿಂತ ದಿನವಾದ ನವೆಂಬರ್ 11ರ ಹೊತ್ತಿಗೆ ಜನ ಎದೆಗೆ ಸಿಕ್ಕಿಸಿಕೊಳ್ಳುವುದೂ ಇದರದೇ ಕೃತಕ ರೂಪ.

‘ಕೆಂಪು ಹೂ’ ಅಂದರೆ ಸಾಕಲ್ವಾ ಎಂದು ಗೆಳೆಯರೊಬ್ಬರು ಕೇಳಿದರು. ಸಾಲದು. ಶಾಂತಿಗಾಗಿ 1933ರಿಂದ ಧರಿಸುವ ಬಿಳಿ ಹೂವೂ ಇದೇ ಆಕಾರದ್ದು. ಫ್ರಾನ್ಸಿನಲ್ಲಿ ಈ ಜಾಗ ನೀಲಿ ಕಾರ್ನ್‌ಫ್ಲವರಿನದು. ಇಂಥ ಚಿತ್ರದಲ್ಲಿ ಯಾವ ಹೂ ಇಟ್ಟಿದ್ದಾರೆ ಅನ್ನುವುದೇ ಮುಖ್ಯ ಮಾತು.

ಹಾಗಂತ ‘ಗಸಗಸೆ’ಯನ್ನು ಪೂರ್ತಿ ಬಿಡಲೂ ಇಷ್ಟವಿಲ್ಲ. ಗ್ರೀಕರ ಕಾಲದಿಂದಲೂ ಈ ಕುಲದ ಹೂ ನಿದ್ದೆಯ, ಸಾವಿನ ಗುರುತು. ಒಂದು ಫೋಟೋದಲ್ಲಿ ಒಣಗಿದ ಕಾಯಿಯೂ ಇದೆ. ಅದನ್ನು ನೋಡಿದವರಿಗೆ ಗಸಗಸೆಯೇ ನೆನಪಾಗುತ್ತದೆ. ಕಾಡುಮಲ್ಲಿಗೆಯ ಹಾಗೆ ‘ಕಾಡುಗಸಗಸೆ’ ಅನ್ನಬಹುದಿತ್ತು, ಆದರೆ ಇದು ಉತ್ತ ನೆಲದ ಗಿಡ. ಹಾಗಾಗಿ ನನ್ನ ಒಲವು ‘ಹೊಲಗಸಗಸೆ’ಯ ಕಡೆಗೆ. ಈ ಪದ ಯಾರಿಗಾದರೂ ಕಂಡಿದೆಯೇ? ಕಿವಿಗೆ ಒಗ್ಗುತ್ತದೆಯೇ?

ಜೊತೆಗೇ ಇನ್ನೊಂದು. ‘ಸ್ಥಿರಚಿತ್ರ’ ಅಂದರೆ ಸಿನಿಮಾದ ಸ್ಟಿಲ್, ‘ಸ್ತಬ್ಧಚಿತ್ರ’ ಅಂದರೆ ಮೆರವಣಿಗೆಯ ಟ್ಯಾಬ್ಲೋ ಆಗಿಬಿಡುತ್ತದೆ. ಸ್ಟಿಲ್ ಲೈಫ್‌ಗೆ ಸದ್ಯ ‘ವಸ್ತುಚಿತ್ರ’ ಎಂದು ಗುರುತು ಹಾಕಿಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ.