ಬುರುಡೆ ಹಾಕಿದ್ದಕ್ಕೆ ಬೇಜಾರಾಗಬೇಡಿ ದೊಡ್ಡಪ್ಪ

ದೊಡ್ಡಪ್ಪ, ನಿಮ್ಮ ಮೆಸೇಜ್ ಬೆಳಿಗ್ಗೆ ನೋಡಿದೆ. ಫೋನಿಗೆ ಮಾತಾಡಿ ಅದನ್ನೇ ಅಕ್ಷರ ಮಾಡಿ ಕಳಿಸುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ. ಉಳಿದವರೂ ಓದಿ.

ಗೃಹಪ್ರವೇಶದ ದಿನ ನೀವು ಮೊಮ್ಮಕ್ಕಳ ಜೊತೆ ಕುಣಿದ ವಿಡಿಯೋ ಕೆಳಗೆ ನನ್ನ ಮಗಳು ತಲೆಬುರುಡೆ ಚಿತ್ರ ಹಾಕಿ "ತಾತ, ನಾನು ಸತ್ತೆ" ಅಂತ ಬರೆದಿದ್ದಳು. ಒಳ್ಳೇ ದಿನ ಬುರುಡೆ ಯಾಕೆ, ಸಾವಿನ ಮಾತು ಯಾಕೆ, ಈ ಮಕ್ಕಳ ಭಾಷೆ ನಮಗೆ ಹತ್ತೋದಿಲ್ಲ, ಇನ್ಮೇಲೆ ಗ್ರೂಪಿಗೆ ನಾನು ಏನೂ ಹಾಕೋದಿಲ್ಲ ಅಂದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅವಳು ಆ ವಿಡಿಯೋನ ಸೋಫಾ ಮೇಲೆ ಬಿದ್ದು ಬಿದ್ದು ನಗುತ್ತಾ ನೋಡಿದ್ದಾಳೆ, ನೀವು ಶಲ್ಯ ಸೊಂಟಕ್ಕೆ ಸುತ್ತಿಕೊಂಡು ಒಂದು ಸುತ್ತು ತಿರುಗುತ್ತೀರಲ್ಲ, ಅಲ್ಲಿಗೇ ಹಿಂದೆ ತಿರುಗಿಸಿ ತಿರುಗಿಸಿ ನೋಡಿದಳು, ಅವಳ ಫ್ರೆಂಡ್ಸಿಗೆಲ್ಲ ಕಳಿಸಿದಳು. ನಾವು ನಕ್ಕು ನಕ್ಕು ಸತ್ತೆವು ಅನ್ನುತ್ತೇವಲ್ಲ, ಆ ಮಾತೇ ಇದು. ನಗುವಿನ ಭಾಗ ಬಿಟ್ಟು ಸತ್ತಿದ್ದನ್ನು ಮಾತ್ರ ಬರೆಯುತ್ತಾರೆ, ಅದಕ್ಕೊಂದು ಬುರುಡೆ. ನಾವೆಲ್ಲ ಹಾಕುವ ಕಣ್ಣೀರು ಸುರಿಸಿ ನಗುವ ಮುಖ ಅವರಿಗೆ ಹಳೇ ಕಾಲದ್ದು. ಬುರುಡೆ ಬಂದರೆ ನಿಮ್ಮ ವಿಡಿಯೋ ಗೆದ್ದಿತು ಅಂತ ಲೆಕ್ಕ.

ಇನ್ನೊಂದು ಕಡೆಯಿಂದಲೂ ನೋಡಿ. ಹೋದ ತಿಂಗಳು ಅವಳು ರಿಸಲ್ಟ್ ಕಳಿಸಿದಾಗ ನೀವು "ಸರಿ" ಅಂತ ಬರೆದು, ಪೂರ್ಣವಿರಾಮ ಇಟ್ಟು, ಪಕ್ಕದಲ್ಲಿ ಹೆಬ್ಬೆರಳು ಹಾಕಿದ್ದಿರಿ. ಅವಳು ಮುಖ ಸಣ್ಣಗೆ ಮಾಡಿಕೊಂಡು ಬಂದು "ಅಮ್ಮಾ, ತಾತನಿಗೆ ನನ್ನ ಮೇಲೆ ಕೋಪಾನಾ?" ಅಂತ ಕೇಳಿದಳು. ಅವರಲ್ಲಿ ಒಂದೇ ಪದ ಬರೆದು ಚುಕ್ಕಿ ಇಟ್ಟರೆ ಮುನಿಸು, ಬರೀ ಹೆಬ್ಬೆರಳು ಹಾಕಿದರೆ "ಆಯ್ತು, ಸಾಕು, ಹೋಗು" ಅಂದ ಹಾಗೆ. ತಾತ ಮೇಷ್ಟ್ರಾಗಿದ್ದವರು ಕಣೇ, ಚುಕ್ಕಿ ಇಡದೆ ಅವರಿಗೆ ವಾಕ್ಯ ಮುಗಿದ ಹಾಗೆ ಆಗೋದಿಲ್ಲ ಅಂತ ಸಮಾಧಾನ ಹೇಳಿದೆ. ನೀವು ಅವಳ ಬುರುಡೆಗೆ ನೊಂದುಕೊಂಡಿರಿ, ಅವಳು ನಿಮ್ಮ ಚುಕ್ಕಿಗೆ ನೊಂದುಕೊಂಡಳು. ಇಬ್ಬರೂ ಪ್ರೀತಿಯಿಂದಲೇ ಕಳಿಸಿದ್ದು, ಅಲ್ವಾ?

ವಯಸ್ಸಿನ ಮಕ್ಕಳು ತಮ್ಮದೇ ಮಾತು ಕಟ್ಟಿಕೊಳ್ಳುವುದು ಹೊಸದೇನಲ್ಲ. ಸುಳ್ಳು ಹೇಳಿದರೆ ಕಾಗೆ ಹಾರಿಸುತ್ತಾನೆ, ಕೊರೆದರೆ ಬ್ಲೇಡ್ ಹಾಕುತ್ತಾನೆ, ನಾಟಕ ಆಡಿದರೆ ಡವ್ ಮಾಡುತ್ತಾನೆ ಅಂತ ನಮ್ಮ ಮನೆಯಲ್ಲೇ ಎಷ್ಟು ಜನ ಹೇಳಿಕೊಂಡು ಬೆಳೆದಿಲ್ಲ? ಚೆನ್ನಾಗಿದೆ ಅನ್ನೋಕೆ ಬೊಂಬಾಟ್, ಸಖತ್. ಅದರಲ್ಲಿ ಸಖತ್ ಪಾರ್ಸಿಯಿಂದ ಬಂದದ್ದು, ಮೂಲದಲ್ಲಿ ಗಟ್ಟಿ, ಕಠಿಣ ಅಂತ. ಬೆಂಗಳೂರಿನ ಹುಡುಗರು ಮಾತಿಗೊಂದು ಸಲ ಮಚ್ಚಾ ಅನ್ನುತ್ತಾರಲ್ಲ, ಅದು ತಮಿಳಿನ ಮಚ್ಚಾನ್, ಭಾವಮೈದುನನನ್ನು ಕರೆಯುವ ಪದ. ಈಗ ಹುಡುಗಿಯರೂ ಒಬ್ಬರಿಗೊಬ್ಬರು ಮಚ್ಚಾ, ಮಗಾ ಅನ್ನುತ್ತಾರೆ. ಚಿಕ್ಕಮ್ಮನಿಗೆ ಅದು ಕೇಳಿದರೆ ಆಗೋದಿಲ್ಲ ಅಂತ ಗೊತ್ತು, ನನಗಂತೂ ಅದರಲ್ಲಿ ಸಲುಗೆ ಬಿಟ್ಟು ಬೇರೇನೂ ಕಾಣಿಸೋದಿಲ್ಲ.

ವ್ಯತ್ಯಾಸ ಇಷ್ಟೇ, ಆಗ ಮಾತು ಹುಟ್ಟುತ್ತಿದ್ದದ್ದು ಕಾಲೇಜು ಕಟ್ಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಈಗ ಎಲ್ಲೋ ದೂರದಲ್ಲಿ ಹುಟ್ಟಿ ರೀಲ್ಸ್, ಶಾರ್ಟ್ಸ್ ಮೂಲಕ ವಾರದೊಳಗೆ ನಮ್ಮ ಹಾಸನಕ್ಕೂ ಬಂದು ಬಿಡುತ್ತೆ. ಸುಳ್ಳಿಗೆ ಕ್ಯಾಪ್, ಆಣೆಗೂ ನಿಜ ಅನ್ನೋಕೆ ನೋ ಕ್ಯಾಪ್, ಇವೆಲ್ಲ ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಹೊರಟವು. ಎದುರಿಗಿದ್ದವರನ್ನು ಮಾತಲ್ಲೇ ಮರುಳು ಮಾಡುವ ಕಲೆಗೆ ರಿಜ್ ಅನ್ನುತ್ತಾರೆ, 2023ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನೇ ವರ್ಷದ ಪದ ಅಂತ ಆರಿಸಿದರು. 2024ರಲ್ಲಿ ಬ್ರೈನ್ ರಾಟ್, ಅಂದರೆ ಕೆಲಸಕ್ಕೆ ಬಾರದ ವಿಡಿಯೋ ನೋಡಿ ನೋಡಿ ತಲೆ ಕೊಳೆತು ಹೋಗುವುದು. ಇವನ್ನೆಲ್ಲ ಬಾಯಿಪಾಠ ಮಾಡುವುದು ಬೇಡ. ನಾವು ಕಲಿಯುವ ಹೊತ್ತಿಗೆ ಅವರು ಬಿಟ್ಟಿರುತ್ತಾರೆ. ನಾವು ಬಳಸಲೂ ಬೇಕಾಗಿಲ್ಲ, ದೊಡ್ಡವರು ಹಿಡಿದ ಕೂಡಲೇ ಆ ಮಾತಿನ ರುಚಿ ಅವರಿಗೆ ಕೆಡುತ್ತೆ, ಅದು ಅವರ ಪಾಡಿಗೆ ಇರಲಿ. "ಇದೇನಮ್ಮಾ ಹಿಂಗಂದ್ರೆ?" ಅಂತ ಕೇಳಿದರೆ ಸಾಕು. ಆದರೆ ಬೈಯುವ ದನಿಯಲ್ಲಿ ಕೇಳಬೇಡಿ. ನೀವು ಕೇಳಿದರೆ ನನ್ನ ಮಗಳು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳೆ, ಅವಳಿಗೆ ಅದು ತುಂಬ ಇಷ್ಟ.

ನಾನು ಇಷ್ಟುದ್ದ ಮಾತಾಡೋಕೆ ಕಾರಣ ಬೇರೆ. ಕೇಳಿದರೆ ಎದೆ ಧಸಕ್ ಅನ್ನುವ ಮಾತು ಬರೀ ನಗು ಆಗಿರುತ್ತೆ, ತಮಾಷೆಯಂತೆ ಕಾಣುವ ಮಾತು ಕೆಲವೊಮ್ಮೆ ತಮಾಷೆ ಆಗಿರೋದಿಲ್ಲ. ಅನ್‌ಅಲೈವ್ ಅಂತ ಒಂದು ಪದ ಇದೆ. ಸಾವು, ಆತ್ಮಹತ್ಯೆ ಅಂತ ನೇರವಾಗಿ ಹೇಳಿದರೆ ಟಿಕ್‌ಟಾಕ್ ಆ ವಿಡಿಯೋ ತೆಗೆಯುತ್ತೆ, ಇಲ್ಲ ಜನರಿಗೆ ತೋರಿಸೋದಿಲ್ಲ ಅನ್ನುವ ಭಯಕ್ಕೆ ಅಲ್ಲಿನವರು ಸುತ್ತಿ ಬಳಸಿ ಹೇಳಲು ಶುರು ಮಾಡಿದ ಪದ. ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನ್‌ನಲ್ಲೇ ಬಂದ್ ಆಯಿತು, ಪದ ಮಾತ್ರ ಬೇರೆ ಆ್ಯಪ್‌ಗಳಿಂದ ಒಳಗೆ ಬಂತು. ಮಕ್ಕಳು ಇದನ್ನೂ ಎಷ್ಟೋ ಸಲ ಸುಮ್ನೆ ಅನ್ನುತ್ತಾರೆ, ನಾಳೆ ಮ್ಯಾತ್ಸ್ ಟೆಸ್ಟ್ ಅಂದರೂ ಅನ್ನುತ್ತಾರೆ. ಆದರೆ ಊಟ ಬಿಟ್ಟು, ರೂಮಿನ ಬಾಗಿಲು ಹಾಕಿಕೊಂಡು, ಫ್ರೆಂಡ್ಸ್ ಜೊತೆಗೂ ಸೇರದ ಮಗು ಈ ಪದ ಬರೆದರೆ ಆವತ್ತೇ ಹತ್ತಿರ ಕೂತು ನೇರವಾಗಿ ಕೇಳಿ. "ಸಾಯಬೇಕು ಅನ್ನಿಸ್ತಿದೆಯಾ ಕಂದಾ?" ಅಂತಲೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಎಷ್ಟೋ ಮಕ್ಕಳಿಗೆ ಯಾರೋ ಕೇಳಿದರಲ್ಲ ಅನ್ನುವುದೇ ದೊಡ್ಡ ಆಸರೆ. 14416 ನಂಬರ್ ಎಲ್ಲರೂ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು. ದೊಡ್ಡವರೂ ಮಾಡಬಹುದು.

ಮತ್ತೊಂದು ಪದ ನಾನು ನಮ್ಮನೆಯಲ್ಲಿ ಬಿಡೋದೇ ಇಲ್ಲ. ಅದು ಚಪ್ರಿ. ಕೂದಲಿಗೆ ಬಣ್ಣ ಹಾಕಿಕೊಂಡು, ಬೈಕ್ ಮೇಲೆ ರೀಲ್ಸ್ ಮಾಡುವ ಬಡವರ ಮನೆ ಹುಡುಗರನ್ನು ನೋಡಿ ಮಕ್ಕಳು ಹಾಗೆ ಅಂದು ನಗುತ್ತಾರೆ. ಚಪ್ಪರ್‌ಬಂದ್ ಅನ್ನುವ ಸಮುದಾಯದ ಹೆಸರಿನಿಂದ ಆ ಬೈಗುಳ ಬಂತು ಅಂತ ಹೇಳುತ್ತಾರೆ. ಚಪ್ಪರ ಕಟ್ಟುವ, ಹುಲ್ಲಿನ ಮಾಡು ಹೊದೆಸುವ ಕೆಲಸದಿಂದ ಬಂದ ಹೆಸರು, ನಮ್ಮ ವಿಜಯಪುರದ ಕಡೆ ಮತ್ತು ಮಹಾರಾಷ್ಟ್ರದಲ್ಲಿ ಇದ್ದಾರೆ. ಬ್ರಿಟಿಷರು 1871ರಲ್ಲಿ ಒಂದು ಕಾನೂನು ತಂದು ಎಷ್ಟೋ ಸಮುದಾಯಗಳನ್ನು ಹುಟ್ಟಾ ಅಪರಾಧಿಗಳು ಅಂತ ಪಟ್ಟಿ ಮಾಡಿಟ್ಟರು, ಇವರೂ ಅದರಲ್ಲಿ ಸಿಕ್ಕಿಕೊಂಡರು. ಆ ಕಾನೂನು ಹೋಗಿದ್ದು 1952ರಲ್ಲಿ. ಅಷ್ಟು ವರ್ಷ ಪೊಲೀಸರ ಲೆಕ್ಕದಲ್ಲಿ ಬದುಕಿದವರ ಹೆಸರು ಇವತ್ತು ಮಕ್ಕಳ ಬಾಯಲ್ಲಿ ಬೈಗುಳ ಆದರೆ ನನಗೆ ಸಹಿಸೋಕೆ ಆಗೋದಿಲ್ಲ. ಮಗಳಿಗೆ ಇದನ್ನು ಕೂರಿಸಿ ಹೇಳಿದೆ. ಅವಳಿಗೆ ಗೊತ್ತೇ ಇರಲಿಲ್ಲ, ಕ್ಲಾಸಿನಲ್ಲಿ ಎಲ್ಲರೂ ಅಂತಾರೆ ಅಂತ ಅಂದಿದ್ದಳು ಅಷ್ಟೇ, ಈಗ ಅವಳೇ ಬೇರೆಯವರಿಗೆ ಬೇಡ ಅನ್ನುತ್ತಾಳೆ.

ಮಕ್ಕಳ ಮಾತಿಗೆ ಕಿವಿ ಕೊಡಿ ಅಂತ ನಾನು ಹೇಳುವುದು ಇದಕ್ಕೇ ದೊಡ್ಡಪ್ಪ. ಮಚ್ಚಾ ಅಂದಿದ್ದಕ್ಕೆ, ಬುರುಡೆ ಹಾಕಿದ್ದಕ್ಕೆ ರೇಗಾಡಿ ನಮ್ಮ ಬೈಗುಳವನ್ನೆಲ್ಲ ಅಲ್ಲೇ ಖರ್ಚು ಮಾಡಿದರೆ, ನಿಜವಾಗಿ ತಡೆಯಬೇಕಾದ ಮಾತಿಗೆ ಮಕ್ಕಳು ಕಿವಿಗೊಡೋದಿಲ್ಲ. ಇದೂ ಅಜ್ಜ ಅಜ್ಜಿಯರ ಗೊಣಗು ಅಂದುಕೊಳ್ಳುತ್ತಾರೆ.

ಮಾವ, ನೀವೂ ಇದನ್ನು ಓದುತ್ತಿದ್ದರೆ, ಹೋದ ಶನಿವಾರ ನೀವು ಈ ಗ್ರೂಪಿಗೆ ಫಾರ್ವರ್ಡ್ ಮಾಡಿದ ರೀಲ್‌ನಲ್ಲಿ ದೊಡ್ಡಕ್ಷರದಲ್ಲಿ ಬರೆದಿರುವುದು ಆ ಚಪ್ರಿ ಅನ್ನುವ ಪದವೇ. ಬಂದದ್ದನ್ನು ಹಾಗೇ ಕಳಿಸಿದ್ದೀರಿ ಅಂತ ಗೊತ್ತು. ಅದನ್ನು ಇನ್ನು ಯಾರಿಗೂ ಮುಂದೆ ಕಳಿಸಬೇಡಿ, ಇಲ್ಲಿಂದಲೂ ತೆಗೆಸಿ. ಡಿಲೀಟ್ ಮಾಡೋಕೆ ನಿಮಗೆ ಬರದಿದ್ದರೆ ಅಡ್ಮಿನ್ ಆಗಿರುವ ಅಣ್ಣನಿಗೆ ಹೇಳಿ, ಅವನು ತೆಗೆಯುತ್ತಾನೆ.