ಮಗಳ ಕೋಣೆ ಗೋಡೆಗೆ ಹಸೆ ಚಿತ್ತಾರ: ಎಮಲ್ಷನ್ ಮೇಲೆ ಕೆಮ್ಮಣ್ಣು ನಿಲ್ಲುತ್ತಾ?

ಸಾಗರದವಳು

ನಮಸ್ಕಾರ. ಊರು ಸಾಗರದ ಕಡೆ, ಮನೆ ಬೆಂಗಳೂರಲ್ಲಿ. ಮಗಳಿಗೆ ಆರು ವರ್ಷ. ಅವಳ ಮಂಚದ ಹಿಂದಿನ ಗೋಡೆಯನ್ನ ಒಂದಿಷ್ಟು ಚಂದ ಮಾಡಬೇಕು ಅಂತ ಆಸೆ. ಹತ್ತಡಿ ಅಗಲ, ಒಂಬತ್ತೂವರೆ ಅಡಿ ಎತ್ತರ. ಪೇಂಟರ್ ಕೇಳಿದರೆ ಟೆಕ್ಸ್ಚರ್ ಮಾಡಿಸಿ ಅಂತಾರೆ. ಹೋಟೆಲ್ ರಿಸೆಪ್ಷನ್ ಥರ ಕಾಣುತ್ತೆ, ನನಗೆ ಬೇಡ. ಮಗಳಿಗೆ ಕೊಂಬಿರೋ ಕುದುರೆ ಬೇಕಂತೆ. ಸ್ಟಿಕ್ಕರ್ ಅಂಟಿಸಿದ್ದೆವು. ಅವಳೇ ಮೂಲೆಯಿಂದ ಕಿತ್ತಳು, ಜೊತೆಗೆ ಗೋಡೆ ಬಣ್ಣವೂ ಬಂತು.

ನನ್ನ ತಲೆಯಲ್ಲಿರೋದು ಹಸೆ ಚಿತ್ತಾರ, ನಮ್ಮ ಕಡೆ ಮದುವೆ ಮನೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಬಿಳಿ ಗೆರೆಯಲ್ಲಿ ಬರೆಯೋ ಚಿತ್ರ. ಅಮ್ಮ ಈಗಲೂ ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿ ಮೇಲೆ ಚಿತ್ತಾರ ಬರೆಯುತ್ತಾರೆ, ಕೈ ಅಲುಗಾಡಲ್ಲ. ಊರಿಂದ ಕೆಮ್ಮಣ್ಣು ತರ್ತೀನಿ ಅಂದಿದ್ದಾರೆ. ಆದರೆ ಗೋಡೆಗೆ ಎಮಲ್ಷನ್ ಹೊಡೆದಾಗಿದೆ, ಅದರ ಮೇಲೆ ನಿಲ್ಲುತ್ತಾ? ಇನ್ನೊಂದು, ಗೋಡೆಯ ಕೆಳಗಡೆ ಗುಳ್ಳೆ ಎದ್ದಿದೆ. ಆಚೆ ಬದಿ ಬಾತ್‌ರೂಮು.

ರೋಲರ್ ಬಸಣ್ಣ

ಮೇಡಂ, ಮೊದಲು ಗುಳ್ಳೆ ನೋಡಿ. ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ರೇ ಬಿಟ್ಟಿದೆ. ಬಿಳಿ ಪುಡಿ ಕೈಗೆ ಬಂದರೆ ಗೋಡೆ ಉಪ್ಪು ಬಿಡ್ತಾ ಇದೆ, ಅಂದ್ರೆ ಬಾತ್‌ರೂಮಿನ ನೀರು ಈ ಕಡೆ ಬರ್ತಿದೆ. ಟೈಲ್ಸ್ ಸಂದು, ಪೈಪ್ ಜಾಯಿಂಟು ಸರಿ ಮಾಡಿಸಿ, ಗೋಡೆ ಪೂರ್ತಿ ಒಣಗೋವರೆಗೂ ಬ್ರಶ್ ಮುಟ್ಟಬೇಡಿ. ಅಂಗಡಿಯವರು ಡ್ಯಾಂಪ್ ಪ್ರೂಫ್ ಡಬ್ಬಿ ತೋರಿಸ್ತಾರೆ. ಒಳಗಿಂದ ನೀರು ಬರ್ತಿದ್ದರೆ ಅದನ್ನೂ ಎತ್ತಿ ಹಾಕುತ್ತೆ.

ಕೆಮ್ಮಣ್ಣು ಎಮಲ್ಷನ್ ಮೇಲೆ ನಿಲ್ಲಲ್ಲ. ಮಣ್ಣಿನ ಗೋಡೆ ಅದನ್ನ ಕುಡಿಯುತ್ತೆ, ಇದು ಕುಡಿಯಲ್ಲ. ಒಣಗಿದ ಮೇಲೆ ಮಗು ಒರಗಿದರೆ ಯೂನಿಫಾರಂ ಪೂರ್ತಿ ಕೆಂಪು. ಅದರ ಬದಲು ಒಂದು ಹಿಡಿ ಕೆಮ್ಮಣ್ಣು ಕಲಸಿ, ರಟ್ಟಿನ ಮೇಲೆ ಬಳಿದು ಒಣಗಿಸಿ ಪೇಂಟ್ ಅಂಗಡಿಗೆ ಒಯ್ಯಿರಿ. ಮೆಷಿನ್ ಇರೋ ಅಂಗಡಿಯಲ್ಲಿ ಆ ಬಣ್ಣಕ್ಕೇ ಹೊಂದಿಸಿ ಕೊಡ್ತಾರೆ. ಹಸಿ ಮಣ್ಣು ತೋರಿಸಬೇಡಿ, ಒಣಗಿದರೆ ಬಣ್ಣ ಬೇರೇನೇ. ಮ್ಯಾಟ್ ಫಿನಿಶ್ ಕೇಳಿ. ಹೊಳಪಿನದು ಹೊಡೆದರೆ ಟ್ಯೂಬ್‌ಲೈಟ್ ಬೆಳಕಿಗೆ ರೋಲರ್ ಗುರುತೆಲ್ಲ ಎದ್ದು ಕಾಣುತ್ತೆ.

ಅಟ್ಟದ ಮೇಲಿರೋ ಹಳೇ ಎನಾಮಲ್ ಡಬ್ಬಿ ಮಾತ್ರ ಮುಟ್ಟಬೇಡಿ. ಮನೆಗೆ ಹೊಡೆಯೋ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನೋ ಕಾನೂನು ಜಾರಿಗೆ ಬಂದಿದ್ದು 2017ರ ನವೆಂಬರಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಎಷ್ಟಿದೆಯೋ ಯಾರಿಗೆ ಗೊತ್ತು. ಹಳೇ ಬಣ್ಣ ಕೆರೆಯುವಾಗಲೂ ಮಗು ಆ ಕೋಣೆಯಲ್ಲಿ ಬೇಡ.

ಗೆರೆಗೆ ಮಾಸ್ಕಿಂಗ್ ಟೇಪ್. ಕೆಂಪು ಹೊಡೆದು ಒಂದು ದಿನ ಬಿಟ್ಟು ಅಂಟಿಸಿ. ಉಗುರಿಂದ ಅಂಚು ಒತ್ತಿ. ಆಮೇಲೆ ಬಿಳಿ ಹಚ್ಚಬೇಡಿ, ಅದೇ ಕೆಂಪನ್ನ ಟೇಪಿನ ಅಂಚಿಗೆ ತೆಳ್ಳಗೆ ಎಳೀರಿ. ಸಂದಿಯಲ್ಲಿ ನುಗ್ಗೋದು ಕೆಂಪು, ಕೆಂಪಿನ ಮೇಲೆ ಕೆಂಪು ಯಾರಿಗೂ ಕಾಣಲ್ಲ. ಅದು ಒಣಗಿದ ಮೇಲೆ ಬಿಳಿ. ಬಿಳಿ ಪೂರ್ತಿ ಒಣಗೋ ಮುಂಚೆ ಟೇಪನ್ನ ಹಿಂದಕ್ಕೆ ಮಡಚಿಕೊಂಡು ನಿಧಾನ ಎಳೀರಿ. ಕೂದಲೆಳೆಯಷ್ಟೂ ಸೋರಿರಲ್ಲ.

ಬಾಡಿಗೆ ಮನೆ

ಪ್ಲೈವುಡ್ ಹಲಗೆ ಮೇಲೆ ಬರೆಸಿ ತಗುಲಿಸಿ. ಮನೆ ಬಿಡುವಾಗ ಜೊತೆಗೆ ಬರುತ್ತೆ, ಓನರ್ ಹತ್ತಿರ ಜಗಳವೂ ಇಲ್ಲ.

ಪುಂಡಿನಾರು

ಬಸಣ್ಣೋರ ಎಲ್ಲ ಮಾತೂ ಸರಿ, ಟೇಪ್ ಒಂದು ಬಿಟ್ಟು. ಸುತ್ತಲಿನ ದಪ್ಪ ಅಂಚಿಗೆ ಬೇಕಾದ್ರೆ ಹಾಕ್ಕೊಳ್ಳಿ ಅಕ್ಕಾ, ಒಳಗಿನ ಎಳೆಗೆ ಖಂಡಿತ ಬೇಡ. ನಾವು ದೀವರು, ಈ ಚಿತ್ತಾರ ಬರೆಯೋ ಸಮುದಾಯದವರು. ಮದುವೆ ಮನೆಯಲ್ಲಿ ಹಸೆಗೋಡೆ ಬರೆಯೋದು ಹೆಂಗಸರು, ಪುಂಡಿ ನಾರನ್ನ ಜಜ್ಜಿ ಕುಂಚ ಮಾಡಿಕೊಂಡು. ನೆನೆಸಿ ರುಬ್ಬಿದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು. ಒಂದೆಳೆ, ಎರಡೆಳೆ, ಮೂರೆಳೆ ಅಂತ ಲೆಕ್ಕದಲ್ಲಿ ಹೋಗುತ್ತೆ. ನಾರು ಒಂದು ಗೆರೆ ಮುಗಿಯೋ ಹೊತ್ತಿಗೆ ಒಣಗ್ತಾ ಬರುತ್ತೆ, ಅಲ್ಲಿ ಎಳೆ ಸಣ್ಣಗಾಗುತ್ತೆ. ಮತ್ತೆ ಅದ್ದಿದ ಜಾಗದಲ್ಲಿ ಚೂರು ದಪ್ಪ. ಬರೆದ ಕೈ ಗೊತ್ತಾಗೋದೇ ಅಲ್ಲಿ. ಟೇಪ್ ಅದನ್ನೆಲ್ಲ ಒರೆಸಿ ಹಾಕುತ್ತೆ.

ಬಿಳಿ ಎಮಲ್ಷನ್‌ಗೆ ಒಂಚೂರು ನೀರು ಸೇರಿಸಿ, ಅಮ್ಮನ ಕೈಗೆ ಪುಂಡಿ ಕುಂಚವನ್ನೇ ಕೊಡಿ. ನೀರು ಜಾಸ್ತಿ ಆದರೆ ಇಳಿಯುತ್ತೆ, ಮೊದಲು ರಟ್ಟಿನ ಮೇಲೆ ನೋಡ್ಕೊಳ್ಳಿ. ನೇರಕ್ಕೆ ಇಬ್ಬರು ದಾರ ಹಿಡಿದು ಸೀಮೆಸುಣ್ಣದ ಪುಡಿ ಹಚ್ಚಿ ಮೀಟಿ. ಗುರುತು ಬೀಳುತ್ತೆ, ಆಮೇಲೆ ಒರೆಸಿದರೆ ಹೋಗುತ್ತೆ.

ಮತ್ತೆ ಇಡೀ ಗೋಡೆ ತುಂಬಿಸಬೇಡಿ. ಕೆಳಗಿನ ಮೂರಡಿ ಬರೀ ಕೆಂಪು ಇರಲಿ, ಹೇಗೂ ಅಲ್ಲಿ ಅವಳ ಕೈ ಆಡುತ್ತೆ. ಚಿತ್ತಾರದಲ್ಲಿ ದಂಡಿಗೆ, ಅಂದ್ರೆ ಪಲ್ಲಕ್ಕಿ, ಬರುತ್ತಲ್ಲ, ಅದರ ಮುಂದೆ ಒಂದು ಕುದುರೆ ನಿಲ್ಲಿಸಿ. ಕೊಂಬನ್ನ ಮಗಳೇ ಬರೀಲಿ. ಶಾಸ್ತ್ರದ ಹಸೆ ಅಲ್ಲವಲ್ಲ, ಮಲಗೋ ಕೋಣೆ.

ಸಾಗರದವಳು

ತಟ್ಟಿ ನೋಡಿದೆ ಬಸಣ್ಣೋರೇ, ಟೊಳ್ಳು. ಪ್ಲಂಬರ್‌ಗೆ ಹೇಳಿದ್ದೀನಿ. ಒಳಗಿನ ಎಳೆಗೆ ಟೇಪ್ ಬೇಡ ಅಂತ ಅಮ್ಮನೂ ಅಂದ್ರು, ಅದೂ ಸ್ವಲ್ಪ ಜೋರಾಗೇ. ಕುದುರೆಗೆ ಮಾತ್ರ ಇನ್ನೂ ಒಪ್ಪಿಲ್ಲ. ಕೆಂಪು ಬಣ್ಣ ಎಷ್ಟು ಲೀಟರ್ ತರಲಿ?

ರೋಲರ್ ಬಸಣ್ಣ

ಕಿತ್ತ ಜಾಗಕ್ಕೆ ಪುಟ್ಟಿ, ಪ್ರೈಮರ್ ಆದ ಮೇಲೆ ಎರಡು ಕೋಟ್ ಹೊಡೆಯೋಕೆ ಒಂದು ಲೀಟರ್ ಸಾಕು. ಅಮ್ಮನ ಕೈ ತಪ್ಪಿದ ಕಡೆ ಮುಚ್ಚೋಕೂ ಸ್ವಲ್ಪ ಉಳಿಯುತ್ತೆ. ಡಬ್ಬಿ ಮುಚ್ಚಳದ ಮೇಲಿನ ಶೇಡ್ ನಂಬರಿನ ಫೋಟೋ ತೆಗೆದಿಟ್ಕೊಳ್ಳಿ.