ಗುಂಡನ ಸೈಕಲ್ ವಿಷ್ಯ, ಪುಟ್ಟಿ ಪೂರ್ತಿ ಓದು

ನೋಡವ್ವ ಪುಟ್ಟಿ, ನಿನ್ನ ಮೆಸೇಜು ಬೆಳಿಗ್ಗೇನೆ ನೋಡ್ದೆ. ನಿನ್ನ ಮಗ ಗುಂಡ ದಾವಣಗೆರೆಲಿ ಕಾಲೇಜ್ ಸೇರೋಕ್ ಮುಂಚೆ ಎಂಟಿಬಿ ಸೈಕಲ್, ಅದೇ ಗುಡ್ಡ ಹತ್ತೋ ಮೌಂಟೇನ್ ಬೈಕು, ಬೇಕು ಅಂತ ಹಠ ಹಿಡಿದಾನೆ, ಅದೂ ಒಂದೇ ಸೈಕಲ್ಲು ಎಲ್ಲದಕ್ಕೂ, ಕಾಲೇಜಿಗೂ ಅದೇ, ಚಿತ್ರದುರ್ಗಕ್ಕೆ ಬಂದಾಗ ಜೋಗಿಮಟ್ಟಿ ಗುಡ್ಡ ಹತ್ತೋಕೂ ಅದೇ, ಮುಂದೊಂದ್ ದಿನ ಲಡಾಖಿಗೂ ಅದೇ, ಅಂಗಡಿಯೋನು ಹಿಂದೆ ಮುಂದೆ ಎರಡೂ ಕಡೆ ಶಾಕಪ್ ಇರೋದೇ ತಗಳ್ಳಿ ಅಂತ 65 ಸಾವಿರ ಹೇಳ್ತಾನೆ, ಹುಡುಗ ಕೈಕಾಲು ಮುರ್ಕೊಂಡ್ರೆ ಏನ್ ಗತಿ ದೊಡ್ಡಪ್ಪ ಅಂತ ಕೇಳಿದೀಯ. ನಮ್ಮ ಮನೆ ಗ್ರೂಪಿಗೆ ವಾಯ್ಸ್ ಕಳ್ಸಿದ್ರೆ ನಿಮ್ಮಲ್ಲಿ ಅರ್ಧ ಜನ ಕೇಳಲ್ಲ, ಎರಡ್ ನಿಮಿಷ ದಾಟಿದ್ರೆ ಓಹೋ ದೊಡ್ಡಪ್ಪಂದು ಅಂತ ಹಂಗೇ ಬಿಡ್ತೀರ, ನಂಗೆಲ್ಲ ಗೊತ್ತೈತೆ. ಅದಕ್ಕೇ ಈ ಮೈಕ್ ಗುರುತು ಒತ್ತಿ ಮಾತಾಡ್ತಿದೀನಿ, ಅದೇ ಟೈಪ್ ಮಾಡ್ಕೊಂತೈತೆ, ಎಲ್ಲಾದ್ರೂ ತಪ್ಪು ಬಂದಿದ್ರೆ ನೀವೇ ಸರಿ ಮಾಡ್ಕೊಂಡು ಓದ್ಕಳ್ಳಿ.

ಮೊದ್ಲು ಒಂದು ಮಾತು. ಯಾವ ಸೈಕಲ್ಲಾದ್ರೂ ತಗಳ್ಳಿ, ಎಷ್ಟ್ ರೂಪಾಯಿದಾದ್ರೂ ತಗಳ್ಳಿ, ಡಿಸ್ಕ್ ಬ್ರೇಕಿಗೆ, ಅದೇ ಚಕ್ರದ ನಡುವಿರೋ ದುಂಡನೆ ತಗಡನ್ನ ಕಚ್ಚಿ ನಿಲ್ಲಿಸೋ ಬ್ರೇಕಿಗೆ, ಮಾತ್ರ ಎಣ್ಣೆ ಸೋಕಿಸ್ಬೇಡಿ. ಯಾಕೆ ಅಂತ ಹೇಳ್ತೀನಿ.

ನಿಮ್ಗೆಲ್ಲ ನೆನಪೈತಲ್ಲ, 2016 ರಲ್ಲಿ ನಂಗೆ ಶುಗರ್ ಬಂತು. ಡಾಕ್ಟ್ರು ದಿನಾ ಬೆವರು ಬರೋ ಹಂಗೆ ಏನಾದ್ರೂ ಮಾಡಿ ಅಂದ್ರು, ವಾಕಿಂಗ್ ಹೋದ್ರೆ ದಾರಿಲಿ ಸಿಕ್ಕೋರೆಲ್ಲ ಟೀ ಕುಡಿಸಿ ಕಳಿಸ್ತಾರೆ, ಸರಿ ಸೈಕಲ್ ತಗಳಾಣ ಅಂತ ಹೋದೆ. ಆಗ ನಂದೂ ಗುಂಡನ ಲೆಕ್ಕಾಚಾರನೇ. ಒಂದೇ ಸೈಕಲ್ಲು, ಮಾರ್ಕೆಟ್ಟಿಗೂ ಆಗ್ಬೇಕು, ತೋಟದ ದಾರಿಗೂ ಆಗ್ಬೇಕು, ಗುಡ್ಡಕ್ಕೂ ಆಗ್ಬೇಕು. ಅಂಗಡಿಲಿ ಒಂದು ಕೆಂಪು ಬಣ್ಣದ್ದು ನೇತಾಕಿದ್ರು, ಸೀಟಿನ ಕೆಳಗೆ ನನ್ನ ಮುಂಗೈ ದಪ್ಪದ ಸ್ಪ್ರಿಂಗು, ಮುಂದೆ ಶಾಕಪ್ಪು, ಎರಡೂ ಚಕ್ರಕ್ಕೆ ಡಿಸ್ಕು, 21 ಗೇರು, 13,800 ರೂಪಾಯಿ. ನೋಡೋಕೆ ಮೋಟರ್ ಬೈಕ್ ಇದ್ದಂಗಿತ್ತು, ತಗಂಡೆ. ಬರ್ತಾ ಗಿರಣಿಲಿ ತೂಕದ ಮೇಲೆ ನಿಲ್ಲಿಸಿದ್ರೆ 19 ಕೆಜಿ! ಗಿರಣಿಯೋನು ಪೈಪೊಳಗೆ ರಾಗಿ ಏನಾದ್ರೂ ತುಂಬಿದಾರಾ ಅಂದ.

ಜೋಗಿಮಟ್ಟಿಗೆ ಹೋಗ್ತಾ ಆಡುಮಲ್ಲೇಶ್ವರ ದಾಟಿದ್ಮೇಲೆ ಏರು ಸಿಗ್ತೈತಲ್ಲ, ಅಲ್ಲಿ ಗೊತ್ತಾತು ಅದರ ಬಣ್ಣ. ಪೆಡಲ್ ತುಳಿದಂಗೆಲ್ಲ ಸೈಕಲ್ಲು ಮುಂದಕ್ಕೆ ಹೋಗೋದ್ ಬಿಟ್ಟು ಕೆಳಕ್ಕೆ ಕೂರ್ತೈತೆ, ಏಳ್ತೈತೆ, ಕೂರ್ತೈತೆ, ಜೋಕಾಲಿ ಮೇಲೆ ಕೂತು ಗುಡ್ಡ ಹತ್ತಿದಂಗೆ. ನನ್ನ ತುಳಿತ ಅರ್ಧ ಆ ಸ್ಪ್ರಿಂಗ್ ನುಂಗ್ತಿತ್ತು. ನನ್ನ ಪಕ್ಕದಲ್ಲೇ ತೆಳ್ಳನೆ ಹುಡುಗ ಒಬ್ಬ, ಹಿಂದೆ ಶಾಕಪ್ಪೇ ಇಲ್ಲದ ಸೈಕಲ್ಲು, ಅಂಕಲ್ ಗುಡ್ ಮಾರ್ನಿಂಗ್ ಅಂತ ಹೇಳಿ ಹತ್ತಿ ಹೋಗೇಬಿಟ್ಟ. ಮೇಲೆ ಸಿಕ್ಕಾಗ ಅವನೇ ಹೇಳಿದ್ದು, ಒಳ್ಳೆ ಶಾಕಪ್ಪಲ್ಲಿ ಸ್ಪ್ರಿಂಗೋ ಗಾಳಿನೋ ಇರೋದಲ್ದೆ ಅದರ ಕುಣಿತ ಹಿಡಿಯೋಕೆ ಒಳಗೆ ಎಣ್ಣೆ ಇರ್ತೈತಂತೆ, ನಂದರಲ್ಲಿ ಬರೀ ಸ್ಪ್ರಿಂಗು. ನೋಡಿ ನನ್ನ ಹಣೆಬರ, ಎಣ್ಣೆ ಇರ್ಬೇಕಾದ ಕಡೆ ಇರ್ಲಿಲ್ಲ, ಇರ್ಬಾರದ ಕಡೆ ನಾನೇ ಕೈಯಾರೆ ಹಾಕ್ದೆ.

ಅದೇನಾತು ಅಂದ್ರೆ, ಮಳೆಗಾಲ ಬಂತು, ತೋಟದ ಕೆಸರಲ್ಲಿ ಓಡಾಡಿ ಓಡಾಡಿ ಬ್ರೇಕು ಕೀಂಯ್ ಅಂತ ಕೂಗೋಕೆ ಶುರು ಮಾಡ್ತು. ಓಣಿ ತಿರುವಲ್ಲಿ ಬ್ರೇಕ್ ಹಿಡಿದ್ರೆ ಎದುರು ಮನೆ ನಾಯಿ ಎದ್ದು ನಿಂತ್ಕಣದು. ನಾವು ಅಪ್ಪನ ಅಟ್ಲಾಸ್ ಸೈಕಲ್ ನೋಡ್ಕೊಂಡು ಬೆಳೆದೋರು, ಆ ಸೈಕಲ್ಲಿಗೆ ಎಣ್ಣೆ ಬಿಡ್ದೇ ಇರೋ ಜಾಗನೇ ಇರ್ಲಿಲ್ಲ, ಹಬ್ ಮೇಲೊಂದು ಸಣ್ಣ ತೂತು, ಅದಕ್ಕೊಂದು ತಗಡಿನ ಪಟ್ಟಿ, ಪಟ್ಟಿ ಸರಿಸಿ ಎರಡು ಹನಿ, ಚೈನಿಗೆ ನಾಕು ಹನಿ, ಬ್ರೇಕಿನ ಕಂಬಿ ಕೀಲಿಗೊಂದು. ಕಿರುಗುಟ್ಟಿದ್ರೆ ಎಣ್ಣೆ, ಅಷ್ಟೇ ನಮ್ಗೆ ಗೊತ್ತಿದ್ದು. ದೊಡ್ಡಮ್ಮನ ಹೊಲಿಗೆ ಮಷಿನ್ ಡ್ರಾಯರಲ್ಲಿ ಮೂಗು ಚೂಪಿರೋ ಎಣ್ಣೆ ಡಬ್ಬಿ ಇರ್ತೈತಲ್ಲ, ತಗಂಡು ಹೋಗಿ ಚಕ್ರ ತಿರುಗಿಸ್ತಾ ತಿರುಗಿಸ್ತಾ ಎರಡೂ ಡಿಸ್ಕಿಗೆ ಸುತ್ತ ಬಿಟ್ಟೆ. ಸದ್ದು ನಿಂತೋತು! ಏನ್ ಖುಷಿ ಅಂತೀಯ. ಮೆಕ್ಯಾನಿಕ್ಕಿಗೆ ಕೊಡೋ 200 ರೂಪಾಯಿ ಉಳಿಸ್ದೆ ಅಂತ ದೊಡ್ಡಮ್ಮನ ಮುಂದೆ ಹೇಳ್ಕೊಂಡೆ ಬೇರೆ.

ಭಾನುವಾರ ಬೆಳಿಗ್ಗೆ ಜೋಗಿಮಟ್ಟಿಗೆ ಹೋದೆ. ಹತ್ತೋವಾಗ ಬ್ರೇಕ್ ಯಾಕೆ ಬೇಕು, ಗೊತ್ತೇ ಆಗ್ಲಿಲ್ಲ. ಮೇಲೆ ನಿಂತು ಗಾಳಿ ಕುಡ್ದು ಗಾಳಿಲಿ ಕರೆಂಟ್ ಮಾಡೋ ಫ್ಯಾನುಗಳನ್ನೆಲ್ಲ ಎಣಿಸಿ ಇಳಿಯೋಕೆ ಶುರು ಮಾಡ್ದೆ. ಮೊದಲನೇ ತಿರುವಲ್ಲಿ ಲಿವರ್ ಹಿಡಿದ್ರೆ ಅದು ಹ್ಯಾಂಡಲ್ ತನಕ ಬಂದು ಅಂಟ್ಕೊಂತು, ಸೈಕಲ್ಲು ಮಾತ್ರ ಬೆಣ್ಣೆ ದೋಸೆ ಕಾವಲಿ ಮೇಲೆ ಜಾರಿದಂಗೆ ಹೋಗ್ತಾನೇ ಐತೆ. ಎರಡೂ ಲಿವರ್ ಒತ್ತಿದೀನಿ, ಬೆರಳು ಬೆಳ್ಳಗಾಗಿತ್ತು, ಚಪ್ಪಲಿ ಹಿಮ್ಮಡಿ ರಸ್ತೆಗೆ ಒತ್ತಿ ಅದರ ಪಟ್ಟಿನೂ ಕಿತ್ತೋತು. ಎದುರಿಂದ ಗಾಡಿ ಬಂದಿದ್ರೆ ನಾನಿವತ್ತು ಗೋಡೆ ಮೇಲೆ ಹಾರ ಹಾಕ್ಕೊಂಡು ಇರ್ತಿದ್ದೆ. ಲಂಟಾನ ಪೊದೆ ದಪ್ಪಗೆ ಕಾಣ್ತು, ಸೈಕಲ್ ಅದರೊಳಕ್ಕೆ ತಿರುಗಿಸ್ದೆ. ಪೊದೆ ಮೆತ್ತಗಿತ್ತು, ಪೊದೆ ಹಿಂದಿದ್ದ ಬಂಡೆ ಮೆತ್ತಗಿರ್ಲಿಲ್ಲ. ಎಡಗಡೆ ಕಾಲರ್ ಬೋನು ಎರಡು ತುಂಡು. ಈಗ್ಲೂ ಮುಟ್ಟಿದ್ರೆ ಅಲ್ಲೊಂದು ಗಂಟು ಸಿಗ್ತೈತೆ, ಗುಂಡನೇ ಸಣ್ಣೋನಿದ್ದಾಗ ಮುಟ್ಟಿ ದೊಡ್ಡಜ್ಜ ಇದರೊಳಗೆ ಗೋಲಿ ಐತಾ ಅಂತಿದ್ದ.

ಅದಕ್ಕೇ ಹೇಳದು, ಡಿಸ್ಕಿಗೆ ಎಣ್ಣೆ ಸೋಕಿಸ್ಬೇಡಿ. ಎರಡನೇ ಸಲ ಹೇಳ್ತಿದೀನಿ ಅಂತ ನಗ್ಬೇಡಿ. ತಗಡನ್ನ ಕಚ್ಚೋ ಆ ಬ್ರೇಕ್ ಪ್ಯಾಡ್ ಎಣ್ಣೆನ ಬತ್ತಿ ಹೀರಿದಂಗೆ ಹೀರ್ಕೊಂತೈತೆ, ಮೇಲೆ ಎಷ್ಟ್ ಒರೆಸಿದ್ರೂ ಒಳಗಿರೋದು ಬಿಸಿಗೆ ಮತ್ತೆ ಬರ್ತೈತೆ. ಡಿಸ್ಕ್ ತಗಡನ್ನ ಸ್ಪಿರಿಟ್ ಹಾಕಿ ಒರೆಸ್ಬೋದು, ಪ್ಯಾಡ್ ಮಾತ್ರ ಬಿಸಾಕಿ ಹೊಸದು ಹಾಕೋದೇ. ಗುಂಡಂಗೆ ಹೇಳು, ಚೈನಿಗೆ ಬೇಕಾದ್ರೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಟ್ಟು ಬಟ್ಟೇಲಿ ಒರೆಸ್ಲಿ, ಆ ಸ್ಪ್ರೇ ಡಬ್ಬಿ ಹಿಡ್ಕೊಂಡು ಪುಸ್ ಪುಸ್ ಅನ್ನಿಸೋದು ಬೇಡ, ಅದು ಹಾರಿ ಹೋಗಿ ಡಿಸ್ಕಿಗೇ ಕೂರ್ತೈತೆ. ಬ್ರೇಕ್ ಕೂಗಿದ್ರೆ ಕೂಗ್ಲಿ, ನೀರಲ್ಲಿ ತೊಳೀಲಿ. ಹೊಸ ಸೈಕಲ್ ತಂದ್ ದಿನ ಖಾಲಿ ರಸ್ತೆಲಿ ಸ್ವಲ್ಪ ಜೋರಾಗಿ ಓಡ್ಸಿ ಚಕ್ರ ಕಚ್ಚಿ ನಿಲ್ದಂಗೆ ನಿಧಾನಕ್ಕೆ ಬ್ರೇಕ್ ಹಿಡಿಯೋದು, ಹಿಂಗೆ ಮುಂದಿಂದು ಒಂದು 20 ಸಲ, ಹಿಂದಿಂದು ಒಂದು 20 ಸಲ, ಪ್ಯಾಡು ಡಿಸ್ಕು ಹೊಂದ್ಕೊಂತಾವೆ, ಆಮೇಲೆ ಹಿಡಿತ ಚೆನ್ನಾಗಿ ಬರ್ತೈತೆ. ಇದನ್ನ ಅಂಗಡಿಲಿ ನಂಗ್ಯಾರೂ ಹೇಳ್ಲಿಲ್ಲ.

ಈಗ ಅಟ್ಲಾಸ್ ಮಾತು ಬಂತಲ್ಲ, ಬಾಯಿಗೆ ಬಂದಿದ್ದು ಹೇಳಿಬಿಡ್ತೀನಿ, ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ. ಎಲ್ಲದಕ್ಕೂ ಒಂದೇ ಸೈಕಲ್ಲು ಅಂದ್ರೆ ಅದು ಅಪ್ಪಂದು. ಒಂದೇ ಒಂದು ಗೇರು, ಬುಡಕ್ಕೆ ಸ್ಪ್ರಿಂಗ್ ಇರೋ ಚರ್ಮದ ಸೀಟು ಒಂದೇ ಅದರ ಶಾಕಪ್ಪು, ಅದರಲ್ಲೇ ಚಳ್ಳಕೆರೆ ಸಂತೆಗೆ ಶೇಂಗಾ ಮೂಟೆ ಹೋಗಿದ್ದು, ಅದರಲ್ಲೇ ಹಾಲಿನ ಕ್ಯಾನು, ನಿಮ್ಮ ಅಜ್ಜಿನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಅಪ್ಪ ಮಾರಿಕಣಿವೆ ಡ್ಯಾಮ್ ತೋರ್ಸಿದ್ದೂ ಅದರಲ್ಲೇ. ನಾವು ಐದೂ ಜನ ಬಾರಿನ ಒಳಗೆ ಕಾಲು ತೂರಿಸಿ ಕಲ್ತಿದ್ದು ಅದರಲ್ಲೇ. ನಾನು ಕೈಗೆ ಜೋಳಿಗೆ ಕಟ್ಕೊಂಡು ಹಾಸಿಗೇಲಿ ಬಿದ್ದಿದ್ನಲ್ಲ, ಆಗ ಹಳೇ ಮನೆಗೆ ಸುಣ್ಣ ಬಣ್ಣ ಮಾಡಿಸ್ತೀವಿ ಅಂತ ಹೋದೋರು ಪಡಸಾಲೆಲಿದ್ದ ಆ ಸೈಕಲ್ಲನ್ನ ಗುಜರಿಗೆ ಹಾಕಿದ್ರು. 350 ರೂಪಾಯಿಗೆ! ನನ್ನ ಒಂದ್ ಮಾತು ಕೇಳ್ಲಿಲ್ಲ. ಕೇಳಿದ್ರೆ, ನೀನು ಹೆಂಗೂ ಇನ್ನು ಸೈಕಲ್ ಹೊಡಿಯಲ್ವಲ್ಲ ಅಣ್ಣ ಅಂದ್ರು. ಯಾರು ಅಂತ ಹೇಳಲ್ಲ, ಇದೇ ಗ್ರೂಪಲ್ಲಿದಾರೆ, ಇದನ್ನ ಓದ್ತಾರೆ, ಓದಿ ಒಂದು ಕೈ ಮುಗಿಯೋ ಗೊಂಬೆ ಹಾಕಿ ಸುಮ್ನಾಗ್ತಾರೆ.

2022 ರಲ್ಲಿ ಮಾರಿಕಣಿವೆ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದ್ಲು, 89 ವರ್ಷ. ಎಲ್ಲರೂ ಎರಡು ಕಾರಲ್ಲಿ ಹೋಗಿ ಸೆಲ್ಫಿ ತಕ್ಕಂಡ್ವಿ. ನಂಗೆ ಅಲ್ಲಿ ನೀರು ನೋಡ್ತಾ ನಿಂತಾಗ ಅನ್ಸಿದ್ದು ಒಂದೇ, ಆ ಸೈಕಲ್ಲು ಇದ್ದಿದ್ರೆ ಗಾಡಿ ಮೇಲೆ ಹಾಕ್ಕೊಂಡು ಬಂದು ಇಲ್ಲಿ ನಿಲ್ಲಿಸಿ ಒಂದ್ ಫೋಟೋ ತೆಗಿಬೋದಿತ್ತು. ಇರ್ಲಿ ಬಿಡಿ.

ದೊಡ್ಡಮ್ಮ ಒಳಗಿಂದ ಕೂಗ್ತಾಳೆ, ಆ ಹುಡುಗಿ ಕೇಳಿದ್ದೇನು ನೀವ್ ಹೇಳ್ತಿರೋದೇನು ಅಂತ. ಹೌದಲ್ಲ, ಯಾವ ಸೈಕಲ್ ಅಂತ ಹೇಳೇ ಇಲ್ಲ.

ನೋಡವ್ವ, ಗುಂಡ ದಿನಾ ಓಡಿಸೋದು ಎಲ್ಲಿ? ರೂಮಿಂದ ಕಾಲೇಜಿಗೆ, ದಾವಣಗೆರೆ ಸಪಾಟು ನೆಲ, ಇರೋದು ಗುಂಡಿ ಮತ್ತೆ ಹಂಪು. ಜೋಗಿಮಟ್ಟಿ ತಿಂಗಳಿಗೊಂದ್ ಸಲ ಬಂದ್ರೆ ಹೆಚ್ಚು. ಲಡಾಖ್ ಇನ್ನೂ ಅವನ ಫೋನಲ್ಲೇ ಐತೆ. ದಿನಾ ಹೋಗೋ ದಾರಿ ನೋಡಿ ಸೈಕಲ್ ತಗಳ್ಳಿ. ಮುಂದೆ ಮಾತ್ರ ಶಾಕಪ್ ಇರೋದು, ಹಾರ್ಡ್‌ಟೇಲ್ ಅಂತಾರೆ, ಅದು ಸಾಕು. ಹಿಂದೂ ಮುಂದೂ ಇರೋದು ಒಳ್ಳೇದು ಬೇಕಂದ್ರೆ ಲಕ್ಷ ದಾಟ್ತೈತೆ, 65 ಸಾವಿರಕ್ಕೆ ಎರಡೂ ಕಡೆ ಕೊಡ್ತೀನಿ ಅಂದ್ರೆ ಬೇರೆ ಎಲ್ಲೋ ಉಳಿಸಿದಾನೆ ಅಂತ ಅರ್ಥ, ಮೇಲಾಗಿ ನಮ್ಮ ಕಡೆ ಧೂಳಿಗೆ ಆ ಹಿಂದಿನ ಕೀಲುಗಳ ಬೇರಿಂಗ್ ಸರ್ವೀಸ್ ಯಾರ್ ಮಾಡ್ತಾರೆ. ಅದೇ ದುಡ್ಡಲ್ಲಿ ಹಾರ್ಡ್‌ಟೇಲ್ ತಗಂಡ್ರೆ ಮುಂದಿನ ಶಾಕಪ್ಪು ಗಾಳಿದು ಸಿಗ್ತೈತೆ, ಹುಡುಗನ ತೂಕಕ್ಕೆ ತಕ್ಕಂಗೆ ಗಾಳಿ ಹಾಕ್ಬೋದು. ಆ ಶಾಕಪ್ಪು ಮೇಲೆ ಕೆಳಗೆ 100 ರಿಂದ 120 ಮಿಲಿಮೀಟರ್ ಆಡಿದ್ರೆ ಬೇಕಾದಷ್ಟು, ಟಾರ್ ರೋಡಲ್ಲಿ ಅದನ್ನ ಲಾಕ್ ಮಾಡೋ ಗುಂಡಿ ಇರ್ಬೇಕು. ಬ್ರೇಕು ಹೈಡ್ರಾಲಿಕ್ಕೇ ಇರ್ಲಿ, ಕೇಬಲ್ದು ಬೇಡ. ಅದರ ಪೈಪೊಳಗೂ ಎಣ್ಣೆ ಇರ್ತೈತೆ, ಅದು ಒಳಗೇ ಇರ್ಬೇಕಾದ್ದು, ಗಾಬರಿ ಆಗ್ಬೇಡ. ಚಕ್ರ 29 ಇಂಚು. ಗೇರು 21, 24 ಅಂತ ಎಣಿಸೋದ್ ಬೇಡ, ಮುಂದೆ ಹಲ್ಲಿನ ಚಕ್ರ ಒಂದೇ ಇರ್ಲಿ, ಹಿಂದೆ ದೊಡ್ಡದಕ್ಕೆ 46 ಅಥವಾ 51 ಹಲ್ಲು ಇದ್ರೆ ಜೋಗಿಮಟ್ಟಿ ಕೂತ್ಕೊಂಡೇ ಹತ್ತಬೋದು.

ಟೈರಲ್ಲೇ ಇರೋದು ಆಟ ಎಲ್ಲ. ಸೈಕಲ್ ಒಂದೇ ಆದ್ರೂ ಟೈರು ಗಾಳಿ ಬದ್ಲಾಯ್ಸ್ಬೋದಲ್ಲ. ಅಗಲ 2.2 ಇಂಚು ಇರ್ಲಿ, ಮಧ್ಯದಲ್ಲಿ ಗುಬಟು ಸಣ್ಣಗೆ ಹತ್ತಿರ ಹತ್ತಿರ ಇರ್ಬೇಕು, ಅಂಚಲ್ಲಿ ದೊಡ್ಡದಿರ್ಲಿ, ಎಲ್ಲಾ ಕಡೆ ದೊಡ್ಡ ಗುಬಟು ಇದ್ರೆ ರೋಡಲ್ಲಿ ಜೇನು ಗುಂಯ್ ಅಂದಂಗೆ ಸದ್ದು ಬರ್ತೈತೆ ಕಾಲೂ ಸೋಲ್ತೈತೆ. ಗಾಳಿ ಕಾಲೇಜಿಗೆ 40 ಪಿಎಸ್ಐ ತನಕ, ಪಿಎಸ್ಐ ಅಂದ್ರೆ ಗಾಳಿ ಒತ್ತಡದ ಅಳತೆ, ಗುಡ್ಡಕ್ಕೆ ಹೋಗೋ ದಿನ ಸ್ವಲ್ಪ ಇಳಿಸಿ 30ರ ಹತ್ರ. ಟ್ಯೂಬ್‌ಲೆಸ್ ಆಗೋ ರಿಮ್ಮಾ ಅಂತ ಕೇಳು. ನಮ್ಮ ಕಡೆ ಬಳ್ಳಾರಿ ಜಾಲಿ ಮುಳ್ಳು, ನೆಗ್ಗಿನ ಮುಳ್ಳು, ತೋಟಕ್ಕೆ ಹೋಗಿ ಬರೋದ್ರಲ್ಲಿ ನಂಗೆ ಒಂದೇ ದಿನ ಮೂರು ಪಂಕ್ಚರ್ ಆಗಿತ್ತು, ಒಳಗೆ ಹಾಲಿನ ಥರ ಒಂದು ದ್ರವ ಹಾಕ್ತಾರೆ, ಸಣ್ಣ ತೂತೆಲ್ಲ ತಾನೇ ಮುಚ್ಕೊಂತೈತೆ. ಬಿಸಿಲಿಗೆ ಅದು ಒಣಗ್ತೈತೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬ್ಬೇಕು.

65 ಸಾವಿರದಲ್ಲಿ ಒಂದ್ ಐದಾರು ಸಾವಿರ ಎತ್ತಿಟ್ಕೋ, ಹೆಲ್ಮೆಟ್ಟು, ಬೀಗ, ಪಂಪು, ಹಿಂದೆ ಮುಂದೆ ಲೈಟು. ಕತ್ಲಾದ್ಮೇಲೆ ಹೈವೇ ಹತ್ರ ಹೋಗ್ಬಾರ್ದು ಅಂತ ನೀನಲ್ಲ, ಅವರಪ್ಪನ ಕೈಲಿ ಹೇಳ್ಸು.

ಸೈಜು ಮರ್ತಿದ್ದೆ, ಅದೇ ಮುಖ್ಯ. ಬೆಳೀತಾನೆ ಅಂತ ಯೂನಿಫಾರಂ ಹೊಲಿಸಿದಂಗೆ ಒಂದು ಸೈಜ್ ದೊಡ್ಡದು ತಗಬೇಡ, 18 ಆತು ಇನ್ನೆಲ್ಲಿ ಬೆಳೀತಾನೆ. ಒಂದೊಂದು ಕಂಪನಿದು ಒಂದೊಂದು ಅಳತೆ, ಎಂ ಅಂತ ಬರೆದಿದ್ರೆ ಎಲ್ಲಾ ಒಂದೇ ಅಲ್ಲ. ಬಿಲ್ ಹಾಕ್ಸೋಕ್ ಮುಂಚೆ ಅವನ್ನ ಬಾರಿನ ಎರಡೂ ಕಡೆ ಕಾಲು ಊರಿ ನಿಲ್ಸು, ಪಾದ ಪೂರ್ತಿ ನೆಲಕ್ಕಿರ್ಬೇಕು, ಬಾರಿಗೂ ತೊಡೆ ಸಂದಿಗೂ ಮಧ್ಯೆ ಎರಡು ಬೆರಳಲ್ಲ, ಎರಡು ಇಂಚಾದ್ರೂ ಬಿಡುವಿರ್ಬೇಕು. ಹಂಗೇ ಪಕ್ಕದಿಂದ ಒಂದ್ ಫೋಟೋ ತೆಗೆದು ನಂಗೆ ಕಳ್ಸು, ಗ್ರೂಪಿಗೆ ಬೇಡ ನಂಗೆ ಮಾತ್ರ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ನಿಲ್ಲಿ ಅನ್ನು.